ಗಂಜಿ ಆರುವಷ್ಟರಲ್ಲಿ ಡಿಫರೆನ್ಶಿಯಲ್ ಇಕ್ವೇಶನ್: ಮೊದಲ ಕೋರ್ಸಿಗೆ ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ಇಂಟರ್ನಲ್ಸ್‌ನಲ್ಲಿ 20ಕ್ಕೆ 7 ಬಂದಿತ್ತು. ಓದಿರಲಿಲ್ಲ ಅಂತ ಅಲ್ಲ. ಐದು ವಿಧಾನಗಳನ್ನು ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ. ಪೇಪರ್ ಕೈಗೆ ಬಂದಾಗ ಯಾವ ಲೆಕ್ಕಕ್ಕೆ ಯಾವ ವಿಧಾನ ಅಂತಲೇ ತಿಳಿಯಲಿಲ್ಲ. ಸುಮ್ನೆ ಒಂದೊಂದಾಗಿ ಹಾಕಿ ನೋಡುತ್ತಾ ಕೂತೆ, ಬೆಲ್ ಆಯಿತು. ಈಗ ಉಡುಪಿಯಲ್ಲಿ ಸಂಜೆ ಹೊತ್ತು ಬಿಎಸ್ಸಿ, ಇಂಜಿನಿಯರಿಂಗ್ ಮಕ್ಕಳಿಗೆ ಇದೇ ವಿಷಯ ಹೇಳಿಕೊಡುತ್ತೇನೆ. ಹೆಚ್ಚಿನವರು ನಾನು ಬಿದ್ದ ಗುಂಡಿಗೇ ಬೀಳುತ್ತಾರೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಗುಂಡಿ ಯಾವುದು ಅಂದರೆ, ಸಮೀಕರಣ ಏನು ಹೇಳುತ್ತಿದೆ ಅಂತ ಓದದೆ ನೇರವಾಗಿ ಬಿಡಿಸಲು ಹೊರಡುವುದು. ನಾನು ಮಕ್ಕಳಿಗೆ ಹಾಕಿರುವ ರೂಢಿ ಇಷ್ಟೇ: ಮೊದಲು ಓದಿ, ಉತ್ತರ ಹೇಗಿರಬಹುದು ಅಂತ ಅಂದಾಜು ಮಾಡಿ, ಆಮೇಲೆ ಬಿಡಿಸಿ, ಕೊನೆಗೆ ಉತ್ತರವನ್ನು ವಾಪಸ್ ಹಾಕಿ ನೋಡಿ. ಮುಂದೆ ಬರುವ ಪ್ರತಿ ಹಂತದಲ್ಲೂ ಇದನ್ನೇ ಮಾಡುತ್ತೇವೆ.

ಗುರುತುಗಳ ಬಗ್ಗೆ ಒಂದು ಮಾತು. ವೈ ಅಂದರೆ ನಾವು ಹುಡುಕುತ್ತಿರುವುದು, ಟಿ ಅಂದರೆ ಸಮಯ. ವೈ ಮೇಲೆ ಒಂದು ಗೀಟು ಇದ್ದರೆ, ಅಂದರೆ ವೈ′ ಅಂತ ಬರೆದರೆ, ಅದು ವೈ ಬದಲಾಗುವ ವೇಗ. ಎರಡು ಗೀಟು ಇದ್ದರೆ ಆ ವೇಗವೇ ಎಷ್ಟು ಬೇಗ ಬದಲಾಗುತ್ತಿದೆ ಅಂತ. ಹೀಗೆ ಗೀಟು ಇರುವ ವೈ ಸೇರಿದ ಸಮೀಕರಣವೇ ಡಿಫರೆನ್ಶಿಯಲ್ ಇಕ್ವೇಶನ್. ಒಂದೇ ಗೀಟಿನವರೆಗೆ ಇದ್ದರೆ ಮೊದಲ ಆರ್ಡರ್, ಎರಡು ಗೀಟು ಇದ್ದರೆ ಎರಡನೇ ಆರ್ಡರ್.

ಕ್ಲಾಸ್ ಶುರುವಾಗುವ ಮೊದಲು

ಎರಡನೇ ಪಿಯುಸಿಯಲ್ಲಿ ಇದರ ಒಂದು ಪಾಠ ಆಗಿರುತ್ತದೆ. ಆರ್ಡರ್, ಡಿಗ್ರಿ, ವೇರಿಯೇಬಲ್ ಸೆಪರೇಬಲ್, ಲೀನಿಯರ್ ಎಲ್ಲ ಅಲ್ಲೇ ಬಂದಿರುತ್ತವೆ. ಅದು ಮರೆತಿದ್ದರೂ ಚಿಂತೆ ಇಲ್ಲ, ಕ್ಲಾಸಿನಲ್ಲಿ ಮತ್ತೆ ಮಾಡುತ್ತಾರೆ. ಮರೆಯಬಾರದ್ದು ಇಂಟಿಗ್ರೇಷನ್. ನಾನು ನೋಡಿದ ಮಟ್ಟಿಗೆ ಈ ಕೋರ್ಸಿನಲ್ಲಿ ಮಾರ್ಕ್ ಹೋಗುವುದು ಹೊಸ ವಿಷಯದಲ್ಲಿ ಕಡಿಮೆ, ಹಳೆಯ ಇಂಟಿಗ್ರೇಷನ್‌ನಲ್ಲಿ ಜಾಸ್ತಿ.

ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳಿ. ಈ ಮೂರನ್ನು 15 ನಿಮಿಷದಲ್ಲಿ ಇಂಟಿಗ್ರೇಟ್ ಮಾಡಲು ಆಗುತ್ತದಾ ನೋಡಿ: 1 ಬೈ (ಎಕ್ಸ್² − 1), ಎಕ್ಸ್ ಇಂಟು ಇ ಪವರ್ ಎಕ್ಸ್, ಎಕ್ಸ್ ಬೈ (ಎಕ್ಸ್² + 1). ಮೊದಲನೆಯದು ಪಾರ್ಶಿಯಲ್ ಫ್ರ್ಯಾಕ್ಷನ್, ಎರಡನೆಯದು ಬೈ ಪಾರ್ಟ್ಸ್, ಮೂರನೆಯದು ಸಬ್‌ಸ್ಟಿಟ್ಯೂಷನ್. ಎಲ್ಲಿ ಸಿಕ್ಕಿಕೊಂಡಿರೋ ಅದನ್ನು ಎರಡು ವಾರ ದಿನಕ್ಕೆ ಐದರಂತೆ ಮಾಡಿ. ಇಷ್ಟು ತಯಾರಿ ಸಾಕು.

ಇನ್ನೊಂದು ಸಣ್ಣ ವಿಷಯ, ಆದರೆ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಎಡವುತ್ತಾರೆ. ಲಾಗ್ ವೈ = −2ಟಿ + ಸಿ ಅಂತ ಬಂದಾಗ (ಇಲ್ಲಿ ಲಾಗ್ ಅಂದರೆ ಎಲ್ಲ ಕಡೆ ಬೇಸ್ ಇ ಇರುವ ಲಾಗ್), ವೈ = (ಇ ಪವರ್ −2ಟಿ) + ಸಿ ಅಂತ ಬರೆದುಬಿಡುತ್ತಾರೆ. ಸಿ ಕೂಡ ಪವರ್ ಒಳಗೇ ಇದೆಯಲ್ವಾ? ಅದು ಕೆಳಗಿಳಿದರೆ ಗುಣಿಸುವ ಸಂಖ್ಯೆಯಾಗುತ್ತದೆ: ವೈ = ಎ ಇಂಟು ಇ ಪವರ್ −2ಟಿ. ಕೂಡಿಸುವ ಸಿ ಬೇರೆ, ಗುಣಿಸುವ ಎ ಬೇರೆ. ನನ್ನ 13 ಮಾರ್ಕ್ ಹೋದದ್ದರಲ್ಲಿ ಇದಕ್ಕೂ ಪಾಲು ಉಂಟು.

ಕಾಂಪ್ಲೆಕ್ಸ್ ನಂಬರ್, ಎರಡು ಬೈ ಎರಡರ ಡಿಟರ್ಮಿನೆಂಟ್ ಸೆಮಿಸ್ಟರ್ ಅರ್ಧಕ್ಕೆ ಬಂದಾಗ ನೋಡಿಕೊಂಡರೆ ಸಾಕು.

ಹಂತ 1: ಬಿಡಿಸದೆ ಓದುವುದು

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಮೀನು ಹಿಡಿಯುವ ಹಾಗಿಲ್ಲ. ಆಗ ಮಲ್ಪೆ ಬಂದರಿಗೆ ಹೋದರೆ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ಸಾಲಾಗಿ ನಿಂತಿರುತ್ತವೆ. ಯಾಕೆ ಈ ರಜೆ ಅಂತ ಕೇಳಿದರೆ, ಮೀನು ಮರಿ ಹಾಕಿ ಬೆಳೆಯಲಿ ಅಂತ. ಈ ಮಾತನ್ನೇ ಸಮೀಕರಣ ಮಾಡಬಹುದು.

ಒಂದು ಜಾತಿಯ ಮೀನು ಪಿ ಟನ್ ಇದೆ ಅನ್ನಿ. ಮೀನು ಕಡಿಮೆ ಇದ್ದಾಗ ಇರುವಷ್ಟಕ್ಕೆ ತಕ್ಕ ಹಾಗೆ ಹೆಚ್ಚುತ್ತದೆ. ಜಾಸ್ತಿಯಾದರೆ ಆಹಾರ ಸಾಲದೆ ಬೆಳವಣಿಗೆ ನಿಧಾನವಾಗುತ್ತದೆ. ಅದರ ಮೇಲೆ ನಾವು ವರ್ಷಕ್ಕೆ 75 ಟನ್ ಹಿಡಿಯುತ್ತೇವೆ. ಸಂಖ್ಯೆಗಳೆಲ್ಲ ಲೆಕ್ಕಕ್ಕೆಂದು ನಾನು ಇಟ್ಟದ್ದು:

ಪಿ′ = 0.4 ಪಿ (1 − ಪಿ/1000) − 75

ಇದನ್ನು ಬಿಡಿಸಲು ಹೋಗಬೇಡಿ. ಪಿ ಜಾಗದಲ್ಲಿ ಸಂಖ್ಯೆ ಹಾಕಿ ನೋಡಿ. ಪಿ 500 ಇದ್ದರೆ ಬೆಳವಣಿಗೆ 100, ಹಿಡಿದದ್ದು 75, ಉಳಿದದ್ದು +25. ಮೀನು ಹೆಚ್ಚುತ್ತದೆ. ಪಿ 900 ಇದ್ದರೆ 36 − 75 = −39. ಕಡಿಮೆಯಾಗುತ್ತದೆ. ಪಿ 200 ಇದ್ದರೆ 64 − 75 = −11. ಇಲ್ಲೂ ಕಡಿಮೆಯಾಗುತ್ತದೆ. ಹಾಗಾದರೆ ನಡುವೆ ಎಲ್ಲೋ ಎರಡು ಕಡೆ ಪಿ′ ಸೊನ್ನೆ ಆಗಲೇಬೇಕು. ಬಲಗಡೆಯನ್ನು ಸೊನ್ನೆಗೆ ಸಮ ಮಾಡಿದರೆ ಹೈಸ್ಕೂಲಿನ ವರ್ಗ ಸಮೀಕರಣ, ಉತ್ತರ 250 ಮತ್ತು 750.

ಈಗ ಒಂದು ಗೆರೆ ಎಳೆದು 250, 750 ಗುರುತು ಮಾಡಿ. ಪಿ ಹೆಚ್ಚುವ ಕಡೆ ಬಲಕ್ಕೆ, ಕಡಿಮೆಯಾಗುವ ಕಡೆ ಎಡಕ್ಕೆ ಬಾಣ ಹಾಕಿ. ಇದೇ ಫೇಸ್ ಲೈನ್. 750ರ ಎರಡೂ ಬದಿಯ ಬಾಣಗಳು ಅದರ ಕಡೆಗೇ ಬರುತ್ತವೆ. ಅದು ಗಟ್ಟಿ ನೆಲೆ. 250ರ ಎರಡೂ ಬದಿಯ ಬಾಣಗಳು ಅದರಿಂದ ದೂರ ಹೋಗುತ್ತವೆ. 260 ಟನ್ ಇದ್ದರೆ ಮೀನು ಚೇತರಿಸಿಕೊಂಡು 750ರ ಹತ್ತಿರ ಹೋಗುತ್ತದೆ, 240 ಇದ್ದರೆ ಖಾಲಿಯಾಗುತ್ತದೆ. 20 ಟನ್ನಿನ ವ್ಯತ್ಯಾಸ ಅಷ್ಟೇ! ಇನ್ನು 75ರ ಬದಲು 110 ಹಿಡಿದರೆ? ಬೆಳವಣಿಗೆ ಎಷ್ಟೇ ಮಾಡಿದರೂ 100 ದಾಟುವುದಿಲ್ಲ. ಪಿ′ ಯಾವಾಗಲೂ ಮೈನಸ್. ಎಲ್ಲಿಂದ ಶುರು ಮಾಡಿದರೂ ಕೊನೆಗೆ ಬಲೆ ಖಾಲಿ.

ಒಂದೇ ಒಂದು ಇಂಟಿಗ್ರೇಷನ್ ಮಾಡದೆ ಇಷ್ಟು ಗೊತ್ತಾಯಿತು. ಮೊದಲ ವಾರದಲ್ಲಿ ಲೆಕ್ಚರರ್ ಸ್ಲೋಪ್ ಫೀಲ್ಡ್, ಫೇಸ್ ಲೈನ್ ಅಂತ ಹೇಳುವಾಗ ಹುಡುಗರು ಮೊಬೈಲ್ ನೋಡುತ್ತಾ ಕೂರುತ್ತಾರೆ, 'ಇದು ಪೇಪರಿಗೆ ಬರುವುದಿಲ್ಲ' ಅಂತ. ಇಡೀ ಕೋರ್ಸಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅದು. ಸ್ಲೋಪ್ ಫೀಲ್ಡ್‌ಗೆ ಗ್ರಾಫ್ ಶೀಟಿನಲ್ಲಿ ಒಂದು ಹದಿನೈದು ಚುಕ್ಕಿ ಇಟ್ಟು, ಪ್ರತಿ ಚುಕ್ಕಿಯಲ್ಲಿ ವೈ′ ಎಷ್ಟೋ ಅಷ್ಟು ಓರೆಯಾದ ಸಣ್ಣ ಗೀಟು ಎಳೆಯಿರಿ. ಕೈಯಿಂದ ನಾಲ್ಕು ಸಲ ಮಾಡಿದರೆ ಸಮೀಕರಣ ಕಣ್ಣಿಗೆ ಕಾಣಲು ಶುರುವಾಗುತ್ತದೆ.

ಹಂತ 2: ಮೊದಲ ಆರ್ಡರ್, ಅಡುಗೆಮನೆಯಿಂದ

ಕುಚ್ಚಲಕ್ಕಿ ಗಂಜಿಯ ಒಂದು ಬಟ್ಟಲು ತೆಗೆದುಕೊಳ್ಳಿ. ಅಡುಗೆ ಥರ್ಮಾಮೀಟರ್ ಬೇಕು. ಜ್ವರ ನೋಡುವುದನ್ನು ಹಾಕಬೇಡಿ, ಒಡೆದು ಹೋಗುತ್ತದೆ. ನಾನು ಪುಸ್ತಕ, ಪೆನ್ನು, ಗಡಿಯಾರ ಇಟ್ಟುಕೊಂಡು ಬಟ್ಟಲಿನ ಮುಂದೆ ಕೂತಾಗ ಅಮ್ಮ ಹೇಳಿದ್ದು ಇಷ್ಟು: "ಗಂಜಿ ಮಾಡಿದ್ದು ಉಣ್ಲಿಕ್ಕೆ ಮಾರಾಯ, ಅಳೀಲಿಕ್ಕೆ ಅಲ್ಲ."

ಶುರುವಿನಲ್ಲಿ ಗಂಜಿ 90 ಡಿಗ್ರಿ, ಕೋಣೆ 30 ಡಿಗ್ರಿ, 10 ನಿಮಿಷದ ನಂತರ ಗಂಜಿ 70 ಡಿಗ್ರಿ. ಅಳತೆ ಇಷ್ಟು ದುಂಡಗೆ ಬರಲಿಲ್ಲ, ಲೆಕ್ಕ ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ. 50 ಡಿಗ್ರಿಗೆ ಇಳಿಯಲು ಎಷ್ಟು ಹೊತ್ತು ಬೇಕು?

ಮೊದಲು ಓದು. ನ್ಯೂಟನ್ 1701ರಲ್ಲಿ ಹೇಳಿದ ಹಾಗೆ, ವಸ್ತು ಆರುವ ವೇಗ ಅದಕ್ಕೂ ಸುತ್ತಲಿನ ಗಾಳಿಗೂ ಇರುವ ಬಿಸಿಯ ಅಂತರಕ್ಕೆ ತಕ್ಕಂತೆ ಇರುತ್ತದೆ. ಆ ಅಂತರವನ್ನು ಯು ಅನ್ನೋಣ. ಯು′ = −ಕೆ ಯು. ಯು ಜಾಸ್ತಿ ಇದ್ದಾಗ ಬೇಗ ಆರುತ್ತದೆ, ಕಡಿಮೆಯಾದಂತೆ ನಿಧಾನ, 30 ಡಿಗ್ರಿಗಿಂತ ಕೆಳಗೆ ಹೋಗುವುದೇ ಇಲ್ಲ. ಅಂದಾಜು: ಮೊದಲ 20 ಡಿಗ್ರಿಗೆ 10 ನಿಮಿಷ ಬೇಕಾಯಿತು, ಮುಂದಿನ 20ಕ್ಕೆ ಅದಕ್ಕಿಂತ ಜಾಸ್ತಿ. ಹಾಗಾಗಿ ಉತ್ತರ 20 ನಿಮಿಷಕ್ಕಿಂತ ಹೆಚ್ಚಿರಬೇಕು.

ಈಗ ಬಿಡಿಸಿ. ಯು ಎಲ್ಲ ಒಂದು ಕಡೆ, ಟಿ ಎಲ್ಲ ಇನ್ನೊಂದು ಕಡೆ ತಂದು (ಹೀಗೆ ಬೇರೆ ಮಾಡಲು ಆಗುವುದೇ ಸೆಪರೇಬಲ್) ಇಂಟಿಗ್ರೇಟ್ ಮಾಡಿದರೆ ಲಾಗ್ ಯು = −ಕೆಟಿ + ಸಿ. ಅಂದರೆ ಯು = ಎ ಇಂಟು ಇ ಪವರ್ −ಕೆಟಿ. ಶುರುವಿನಲ್ಲಿ ಯು 60, ಹಾಗಾಗಿ ಎ = 60. ಹತ್ತು ನಿಮಿಷಕ್ಕೆ ಯು 40. ಅಂದರೆ ಪ್ರತಿ 10 ನಿಮಿಷಕ್ಕೆ ಅಂತರ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಕೆ = (ಲಾಗ್ 1.5) ಬೈ 10, ಸುಮಾರು 0.0405. 50 ಡಿಗ್ರಿ ಅಂದರೆ ಯು 20, ಶುರುವಿನ ಮೂರನೇ ಒಂದು ಪಾಲು. ಟಿ = (ಲಾಗ್ 3) ಬೈ ಕೆ, ಸುಮಾರು 27 ನಿಮಿಷ. ಅಂದಾಜಿಗೆ ಸರಿಹೊಂದಿತು.

ನಿಜವಾದ ಬಟ್ಟಲು ಶುರುವಿನಲ್ಲಿ ಇದಕ್ಕಿಂತ ಬೇಗ ಆರುತ್ತದೆ. ಮೇಲಿನಿಂದ ಆವಿ ಹೋಗುವಾಗ ಬಿಸಿಯನ್ನೂ ಕೊಂಡೊಯ್ಯುತ್ತದೆ, ಅದು ನಮ್ಮ ಸಮೀಕರಣದಲ್ಲಿ ಇಲ್ಲ. ತಟ್ಟೆ ಮುಚ್ಚಿ ಅಳೆದರೆ ಲೆಕ್ಕದ ಹತ್ತಿರ ಬರುತ್ತದೆ.

ಒಂದು ಬಲೆ ಇಲ್ಲಿದೆ. ಯು ಎಲ್ಲ ಒಂದು ಕಡೆ ತರುವಾಗ ಯುನಿಂದ ಭಾಗಿಸಿದೆವು. ಯು ಸೊನ್ನೆ ಆಗಿದ್ದರೆ ಹಾಗೆ ಭಾಗಿಸುವಂತಿಲ್ಲ. ಆದರೆ ಯು = 0 ಕೂಡ ಒಂದು ಸರಿಯಾದ ಉತ್ತರವೇ, ಪೂರ್ತಿ ಆರಿದ ಗಂಜಿ ಹಾಗೇ ಇರುತ್ತದೆ. ಇಲ್ಲಿ ಎ = 0 ಹಾಕಿದರೆ ಅದು ವಾಪಸ್ ಸಿಗುತ್ತದೆ. ಎಲ್ಲ ಕಡೆ ಹಾಗಲ್ಲ. ವೈ′ = ವೈ² ತೆಗೆದುಕೊಳ್ಳಿ. ಬಿಡಿಸಿದರೆ ವೈ = −1 ಬೈ (ಟಿ + ಸಿ). ಸಿ ಯಾವ ಸಂಖ್ಯೆ ಹಾಕಿದರೂ ವೈ = 0 ಸಿಗುವುದಿಲ್ಲ. ಭಾಗಿಸುವಾಗಲೇ ಅದನ್ನು ಕಳೆದುಕೊಂಡಿರುತ್ತೀರಿ. ಭಾಗಿಸುವ ಪ್ರತಿ ಸಲ ಪಕ್ಕದಲ್ಲಿ 'ಸೊನ್ನೆ ಆದರೆ?' ಅಂತ ಬರೆದುಕೊಳ್ಳಿ.

ಎರಡನೇ ಆಯುಧ ಲೀನಿಯರ್, ಅಂದರೆ ವೈ, ವೈ′ ಬರೀ ಒಂದನೇ ಪವರ್‌ನಲ್ಲಿ, ಒಂದಕ್ಕೊಂದು ಗುಣಿಸದೆ ಇರುವ ಸಮೀಕರಣ. ಇಂಟಿಗ್ರೇಟಿಂಗ್ ಫ್ಯಾಕ್ಟರ್ ಸೂತ್ರವನ್ನು ಎಲ್ಲರೂ ಉರು ಹೊಡೆಯುತ್ತಾರೆ. ಅದು ಬರೀ ಪ್ರಾಡಕ್ಟ್ ರೂಲ್ ಹಿಂದುಮುಂದಾಗಿ ಅಷ್ಟೇ. ವೈ′ + (1/ಟಿ) ವೈ = 3ಟಿ ನೋಡಿ. ಇಡೀ ಸಾಲನ್ನು ಟಿಯಿಂದ ಗುಣಿಸಿದರೆ ಟಿ ವೈ′ + ವೈ = 3ಟಿ². ಎಡಗಡೆ ಇರುವುದು ಟಿ ವೈಯ ಡಿರೈವೇಟಿವ್! ಹಾಗಾಗಿ ಟಿ ವೈ = ಟಿ³ + ಸಿ, ವೈ = ಟಿ² + ಸಿ/ಟಿ. ಎಡಗಡೆ ಹೀಗೆ ಒಂದಾಗುವ ಹಾಗೆ ಯಾವುದರಿಂದ ಗುಣಿಸಬೇಕು ಅಂತ ಹುಡುಕುವುದೇ ಇಂಟಿಗ್ರೇಟಿಂಗ್ ಫ್ಯಾಕ್ಟರ್. ಸಿ ಎಲ್ಲಿ ಬಂತು ಗಮನಿಸಿ. ಕೊನೆಯಲ್ಲಿ ನೆನಪಾಗಿ + ಸಿ ಸೇರಿಸಿದರೆ ವೈ = ಟಿ² + ಸಿ ಆಗಿಬಿಡುತ್ತದೆ, ಅದು ತಪ್ಪು.

ಎಕ್ಸಾಕ್ಟ್, ಬರ್ನೌಲಿ ಇತ್ಯಾದಿ ಬೇರೆ ಜಾತಿಯ ಸಮೀಕರಣಗಳು ಆಮೇಲೆ ಬರುತ್ತವೆ. ಅವುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಲೆಕ್ಕ ಕಂಡ ತಕ್ಷಣ ಇದೇ ಕ್ರಮದಲ್ಲಿ ಕೇಳಿಕೊಳ್ಳಿ: ಬೇರೆ ಮಾಡಬಹುದಾ? ಇಲ್ಲದಿದ್ದರೆ ಲೀನಿಯರಾ? ಇಲ್ಲದಿದ್ದರೆ ಎಕ್ಸಾಕ್ಟಾ? ಅದೂ ಇಲ್ಲದಿದ್ದರೆ ಏನಾದರೂ ಬದಲಿ ಹಾಕಿ ಮೊದಲಿನ ಯಾವುದಕ್ಕಾದರೂ ತರಬಹುದಾ?

ಹೋಮೊಜೀನಿಯಸ್ ಅನ್ನುವ ಪದದ ಬಗ್ಗೆ ಎಚ್ಚರ. ಪಿಯುಸಿಯಲ್ಲಿ ವೈ = ವಿ ಎಕ್ಸ್ ಅಂತ ಹಾಕುತ್ತಿದ್ದೆವಲ್ಲ, ಅದೂ ಹೋಮೊಜೀನಿಯಸ್. ಬಲಗಡೆ ಸೊನ್ನೆ ಇರುವ ಲೀನಿಯರ್ ಸಮೀಕರಣವೂ ಹೋಮೊಜೀನಿಯಸ್. ಎರಡಕ್ಕೂ ಸಂಬಂಧ ಇಲ್ಲ. ಹೆಸರಿಟ್ಟವರನ್ನು ಬೈದು ಮುಂದೆ ಹೋಗಿ.

ಹಂತ 3: ಖಾಲಿ ಟ್ಯಾಂಕಿನ ಪ್ರಶ್ನೆ

ಎಕ್ಸಿಸ್ಟೆನ್ಸ್ ಮತ್ತು ಯುನಿಕ್‌ನೆಸ್ ಥಿಯರಮ್ ಬಂದ ದಿನ ಅರ್ಧ ಕ್ಲಾಸ್ ನಿದ್ದೆ ಹೋಗುತ್ತದೆ. ಕೊಟ್ಟ ಸ್ಥಿತಿಗೆ ಉತ್ತರ ಇದೆಯಾ, ಇದ್ದರೆ ಒಂದೇನಾ ಅನ್ನುವುದೇ ಅದರ ವಿಷಯ. ಅದಕ್ಕೆ ಒಂದು ಚಿತ್ರ ಸಾಕು. ಟೆರೇಸಿನ ಟ್ಯಾಂಕಿನ ತಳದಲ್ಲಿ ತೂತಾಗಿದೆ. ನೀರಿನ ಎತ್ತರ ಎಚ್ ಇಳಿಯುವ ವೇಗ ಎಚ್‌ನ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ, ಇದು ಟೊರಿಚೆಲ್ಲಿ ನಿಯಮ. ನೀವು ಬೆಳಿಗ್ಗೆ ಹೋಗಿ ನೋಡಿದಾಗ ಟ್ಯಾಂಕ್ ಖಾಲಿ. ಯಾವಾಗ ಖಾಲಿಯಾಯಿತು ಹೇಳಿ? ರಾತ್ರಿ ಹತ್ತಕ್ಕೋ, ಬೆಳಗಿನ ಜಾವ ನಾಲ್ಕಕ್ಕೋ? ಹೇಳಲು ಆಗುವುದಿಲ್ಲ. 'ಈಗ ಎಚ್ = 0' ಅನ್ನುವ ಒಂದೇ ಸ್ಥಿತಿಗೆ ಬೇರೆ ಬೇರೆ ಹಿಂದಿನ ಕಥೆಗಳು ಹೊಂದುತ್ತವೆ. ವರ್ಗಮೂಲದ ಗ್ರಾಫ್ ಸೊನ್ನೆಯ ಹತ್ತಿರ ನೆಟ್ಟಗೆ ನಿಂತಿರುವುದರಿಂದ ಹೀಗಾಗುತ್ತದೆ. ಥಿಯರಮ್ ಕೇಳುವ ಶರತ್ತು ಅಲ್ಲಿ ಮುರಿಯುತ್ತದೆ.

ಹಂತ 4: ಎರಡನೇ ಆರ್ಡರ್, ಬಸ್ಸಿನ ಹಿಂದಿನ ಸೀಟಿನಲ್ಲಿ

ಮಂಗಳೂರು–ಉಡುಪಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಈ ಪಾಠ ಬೇಗ ಅರ್ಥವಾಗುತ್ತದೆ. ಹಂಪ್ ಹಾರಿದ ಮೇಲೆ ಬಸ್ಸು ಏನು ಮಾಡುತ್ತದೆ? ಶಾಕ್ ಅಬ್ಸಾರ್ಬರ್ ಹೋಗಿದ್ದರೆ ನಾಲ್ಕೈದು ಸಲ ಕುಣಿದು ನಿಲ್ಲುತ್ತದೆ. ಚೆನ್ನಾಗಿದ್ದರೆ ಒಂದೇ ಸಲ ಕೂತು ಸುಮ್ಮನಾಗುತ್ತದೆ. ತುಂಬಾ ಬಿಗಿಯಾಗಿದ್ದರೆ ತನ್ನ ಜಾಗಕ್ಕೆ ಬರಲು ಹೊತ್ತು ತೆಗೆದುಕೊಳ್ಳುತ್ತದೆ. ಈ ಮೂರೇ ಕೇಸುಗಳು.

ಕೆಳಗಿನ ಸಮೀಕರಣಗಳಲ್ಲಿ ವೈ ಅಂದರೆ ಬಸ್ಸು ತನ್ನ ಜಾಗದಿಂದ ಎಷ್ಟು ಸರಿದಿದೆ ಅಂತ. ವೈ = ಇ ಪವರ್ ಆರ್‌ಟಿ ಅಂತ ಊಹಿಸಿ ಅವುಗಳಲ್ಲಿ ಹಾಕಿದರೆ ಆರ್‌ಗೆ ಒಂದು ವರ್ಗ ಸಮೀಕರಣ ಬರುತ್ತದೆ. ಅದರ ಮೂಲಗಳೇ ಬಸ್ಸಿನ ಕಥೆ ಹೇಳುತ್ತವೆ.

ವೈ″ + 2ವೈ′ + 5ವೈ = 0: ಮೂಲಗಳು −1 ± 2ಐ (ಐ ಅಂದರೆ −1ರ ವರ್ಗಮೂಲ). ಉತ್ತರ ಇ ಪವರ್ −ಟಿ ಇಂಟು (ಎ ಕಾಸ್ 2ಟಿ + ಬಿ ಸೈನ್ 2ಟಿ). ಐ ಬಂತು ಅಂದರೆ ಕುಣಿತ. ಮೈನಸ್ ಒಂದು ಅಂದರೆ ಕುಣಿತ ಸಣ್ಣದಾಗುತ್ತಾ ಹೋಗುತ್ತದೆ.

ವೈ″ + 4ವೈ′ + 4ವೈ = 0: −2 ಎರಡು ಸಲ. ಉತ್ತರ (ಎ + ಬಿ ಟಿ) ಇಂಟು ಇ ಪವರ್ −2ಟಿ. ಕುಣಿತ ಇಲ್ಲ, ಚೆನ್ನಾಗಿ ಕೂರುವ ಬಸ್ಸು.

ವೈ″ + 5ವೈ′ + 4ವೈ = 0: −1 ಮತ್ತು −4. ಇದು ಬಿಗಿ ಬಸ್ಸು.

ಬಲಗಡೆ ಏನಾದರೂ ಇದ್ದರೆ, ಮೊದಲು ಸೊನ್ನೆ ಇಟ್ಟು ಬಿಡಿಸಿ, ಆಮೇಲೆ ಬಲಗಡೆಗೆ ಹೊಂದುವ ಒಂದು ಉತ್ತರ ಹುಡುಕಿ ಕೂಡಿಸಿ. ಇಲ್ಲಿ ಒಂದೇ ಒಂದು ಕಡೆ ಹುಡುಗರು ಗೊಂದಲ ಮಾಡಿಕೊಳ್ಳುತ್ತಾರೆ. ವೈ″ + 4ವೈ = ಕಾಸ್ 2ಟಿ. ಎ ಕಾಸ್ 2ಟಿ + ಬಿ ಸೈನ್ 2ಟಿ ಅಂತ ಊಹಿಸಿ ಹಾಕಿದರೆ ಎಡಗಡೆ ಪೂರ್ತಿ ಸೊನ್ನೆ, 0 = ಕಾಸ್ 2ಟಿ ಅಂತ ಬರುತ್ತದೆ. ಯಾಕೆಂದರೆ ಅದು ಸೊನ್ನೆ ಸಮೀಕರಣದ ಉತ್ತರವೇ. ಆಗ ಟಿಯಿಂದ ಗುಣಿಸಬೇಕು. ಉತ್ತರ (ಟಿ/4) ಸೈನ್ 2ಟಿ. ಆ ಟಿ ಸುಮ್ನೆ ಬಂದದ್ದಲ್ಲ. ಮಗು ಉಯ್ಯಾಲೆಯಲ್ಲಿ ಕೂತಿದೆ, ಅದು ಹಿಂದೆ ಬಂದಾಗಲೆಲ್ಲ ಸರಿಯಾಗಿ ಅದೇ ತಾಳಕ್ಕೆ ತಳ್ಳಿದರೆ ಏನಾಗುತ್ತದೆ? ಪ್ರತಿ ಸಲ ಇನ್ನೂ ಎತ್ತರಕ್ಕೆ ಹೋಗುತ್ತದೆ. ಅದೇ ರೆಸೊನೆನ್ಸ್, ಅದೇ ಟಿ.

ಹಂತ 5: ಲಾಪ್ಲಾಸ್, ಸಿಸ್ಟಮ್, ಆಯ್ಲರ್

ಲಾಪ್ಲಾಸ್‌ನಲ್ಲಿ ಮಾರ್ಕ್ ಸಿಗುವುದು ಸುಲಭ. ಡಿಫರೆನ್ಶಿಯಲ್ ಇಕ್ವೇಶನನ್ನು ಮಾಮೂಲಿ ಬೀಜಗಣಿತದ ಸಮೀಕರಣವಾಗಿ ಬದಲಿಸುವ ವಿಧಾನ ಅದು. ಟೇಬಲ್ ಬರಬೇಕು, ಪಾರ್ಶಿಯಲ್ ಫ್ರ್ಯಾಕ್ಷನ್ ಬರಬೇಕು, ಅಷ್ಟೇ. ಅದು ನಿಜವಾಗಿ ಬೇಕಾಗುವುದು ಬಲಗಡೆ ಇದ್ದಕ್ಕಿದ್ದಂತೆ ಆನ್ ಅಥವಾ ಆಫ್ ಆಗುವಾಗ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ನಮಗೆ ಹೊಸದಲ್ಲವಲ್ಲ, ಸ್ಟೆಪ್ ಫಂಕ್ಷನ್ ಅಂದರೆ ಅದೇ. ಸಿಸ್ಟಮ್ (ಒಟ್ಟಿಗೆ ಬಿಡಿಸಬೇಕಾದ ಹಲವು ಸಮೀಕರಣಗಳು) ಪಾಠದಲ್ಲಿ ಐಗನ್ ವ್ಯಾಲ್ಯೂ ಬಂದಾಗ ಹೆದರಬೇಡಿ, ಹಂತ 4ರ ಮೂಲಗಳೇ ಬೇರೆ ಅಂಗಿ ಹಾಕಿಕೊಂಡು ಬಂದಿರುತ್ತವೆ.

ಆಯ್ಲರ್ ವಿಧಾನವನ್ನು ಮಾತ್ರ ಒಮ್ಮೆ ಕೈಯಲ್ಲೇ ಮಾಡಿ. 1768ರಲ್ಲಿ ಆಯ್ಲರ್ ಪುಸ್ತಕದಲ್ಲಿ ಬಂದ ಈ ಉಪಾಯ ತುಂಬಾ ಸರಳ: ಈಗಿನ ವೇಗವೇ ಸ್ವಲ್ಪ ಹೊತ್ತು ಇರುತ್ತದೆ ಅಂತ ಇಟ್ಟುಕೊಂಡು ಒಂದು ಹೆಜ್ಜೆ ಇಡಿ. ನಮ್ಮ ಗಂಜಿಗೆ 10 ನಿಮಿಷದ ಒಂದೇ ಹೆಜ್ಜೆ ಇಟ್ಟರೆ ಇಳಿಯುವುದು 0.0405 × 60 × 10 = 24.3, ಅಂತರ 60 − 24.3 = 35.7, ಅಂದರೆ 65.7 ಡಿಗ್ರಿ. ಸರಿ ಉತ್ತರ 70, ತಪ್ಪು 4.3. ಐದೈದು ನಿಮಿಷದ ಎರಡು ಹೆಜ್ಜೆ ಇಟ್ಟರೆ ಸುಮಾರು 68.1, ತಪ್ಪು 1.9. ಹೆಜ್ಜೆ ಅರ್ಧ ಮಾಡಿದರೆ ತಪ್ಪೂ ಹೆಚ್ಚುಕಡಿಮೆ ಅರ್ಧ. ಇದು ಗೊತ್ತಾದ ಮೇಲೆ ಪೈಥಾನ್‌ನಲ್ಲಿ ಹತ್ತು ಸಾಲು ಬರೆದು ಮೀನಿನ ಸಮೀಕರಣಕ್ಕೆ ಓಡಿಸಿ. 260 ಮತ್ತು 240ರಿಂದ ಶುರು ಮಾಡಿ ಎರಡು ಗೆರೆ ಬೇರೆ ಬೇರೆ ದಾರಿ ಹಿಡಿಯುವುದನ್ನು ನೋಡಿ.

ವಾರದ ದಿನಚರಿ ಮತ್ತು ಪರೀಕ್ಷೆ

ದಿನಾ ಬಸ್ಸಿನಲ್ಲಿ ಓಡಾಡುವವರು ಆ ಹೊತ್ತನ್ನು ಹೀಗೆ ಬಳಸಿ. ಹಳೆಯ ಕ್ವೆಶ್ಚನ್ ಪೇಪರ್‌ಗಳಿಂದ 30 ಸಮೀಕರಣ ಸಣ್ಣ ಚೀಟಿಗಳಲ್ಲಿ ಬರೆದುಕೊಳ್ಳಿ. ಹಿಂದೆ ಬರೀ ಜಾತಿ ಬರೆಯಿರಿ: ಸೆಪರೇಬಲ್, ಲೀನಿಯರ್, ಎಕ್ಸಾಕ್ಟ್. ಬಿಡಿಸುವುದು ಬೇಡ, ಗುರುತಿಸಿದರೆ ಸಾಕು. ಕಾಪು ದಾಟುವಾಗ ಶುರು ಮಾಡಿದರೆ ಮುಲ್ಕಿ ಬರುವಷ್ಟರಲ್ಲಿ ಒಂದು ಸುತ್ತು ಮುಗಿಯುತ್ತದೆ. ನಿಂತುಕೊಂಡೂ ಮಾಡಬಹುದು, ನಾನು ಮಾಡಿದ್ದೇನೆ.

ಮನೆಯಲ್ಲಿ ವಾರಕ್ಕೆ 12 ಲೆಕ್ಕ ಪೂರ್ತಿ ಬಿಡಿಸಿ. 40 ಲೆಕ್ಕದ ಸೊಲ್ಯೂಷನ್ ನೋಡುವುದಕ್ಕಿಂತ ಇದು ಒಳ್ಳೆಯದು. ವಿಡಿಯೋ ನೋಡುವಾಗ ಎಲ್ಲ ಅರ್ಥವಾದ ಹಾಗೆ ಅನಿಸುತ್ತದೆ. ಎನ್‌ಪಿಟಿಇಎಲ್ ಪಾಠಗಳು (ಐಐಟಿಗಳ ಆನ್‌ಲೈನ್ ವಿಡಿಯೋ ಪಾಠಗಳು) ಬಿಟ್ಟಿಯಾಗಿ ಸಿಗುತ್ತವೆ, ಚೆನ್ನಾಗಿಯೂ ಇವೆ. ಆದರೆ ಲೆಕ್ಕ ಬರೆದ ತಕ್ಷಣ ವಿಡಿಯೋ ನಿಲ್ಲಿಸಿ, ನೀವೇ ಮಾಡಿ, ಆಮೇಲೆ ಮುಂದಕ್ಕೆ ಓಡಿಸಿ.

ಪರೀಕ್ಷೆಯಲ್ಲಿ ಕೊನೆಯ 10 ನಿಮಿಷ ಹೊಸ ಲೆಕ್ಕ ಮುಟ್ಟಬೇಡಿ. ಬರೆದ ಉತ್ತರಗಳನ್ನು ಸಮೀಕರಣಕ್ಕೆ ವಾಪಸ್ ಹಾಕಿ. ಟಿ = 0 ಹಾಕಿದರೆ ಕೊಟ್ಟ ಸಂಖ್ಯೆ ಬರುತ್ತದಾ ನೋಡಿ, ಇದಕ್ಕೆ ಅರ್ಧ ನಿಮಿಷ ಸಾಕು. ಟಿ² + ಸಿ/ಟಿ ಸರಿಯಾ ಅಂತ ಅನುಮಾನ ಬಂದರೆ ಡಿರೈವೇಟಿವ್ 2ಟಿ − ಸಿ/ಟಿ², ಅದಕ್ಕೆ ಟಿ + ಸಿ/ಟಿ² ಕೂಡಿಸಿ, 3ಟಿ ಬಂತು, ಟಿಕ್ ಹಾಕಿ ಮುಂದಿನದಕ್ಕೆ ಹೋಗಿ. ಬರದಿದ್ದರೆ ಮೊದಲು ಸಿ ಎಲ್ಲಿ ಸೇರಿಸಿದ್ದೀರಿ ಅಂತ ನೋಡಿ, ಆಮೇಲೆ ಇಂಟಿಗ್ರೇಷನ್. ನನ್ನ ಎರಡನೇ ಇಂಟರ್ನಲ್ಸ್‌ನಲ್ಲಿ ಹೀಗೆ ಹುಡುಕುವಾಗಲೇ ಒಂದು ಮೈನಸ್ ಸಿಕ್ಕಿತ್ತು. ಆ ಸಲ 20ಕ್ಕೆ 16 ಬಂತು.